ಅತಿಥಿಯಾಗಿ ಕರೆಸಿಕೊಂಡ ಮಗಳು

ಕಾಪ್ ಸ್ವಂತ ಮನೆ ಕೊಂಡ. ನಮ್ಮ ಚರ್ಚಿನಿಂದ ಎರಡು ಸಿಗ್ನಲ್ ದಾಟಿದರೆ ಸಿಗುವ ಇಟ್ಟಿಗೆಯ ಮನೆ, ಹಿತ್ತಲಲ್ಲಿ ಅಕ್ರೋಟಿನಂಥ ಕಾಯಿ ಬಿಡುವ ಒಂದು ಪೆಕನ್ ಮರ. ಅಮೆರಿಕಾದ ಈ ಟಲ್ಸಾ ಊರಿಗೆ ಬಂದಂದಿನಿಂದ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರ ಹೆಜ್ಜೆ ಸದ್ದು ಕೇಳಿಸಿಕೊಂಡೇ ಬದುಕಿದವನು ಅವನು. ತನ್ನ ತಲೆಯ ಮೇಲೆ ತನ್ನದೇ ಸೂರು ಬಂದಾಗ ದೇವರಿಗೆ ಉಪಕಾರ ಹೇಳುವ ಊಟ ಹಾಕಬೇಕೆಂದುಕೊಂಡ. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಅವನು ಅಕ್ಕನನ್ನು ಕರೆದ ರೀತಿಯಲ್ಲಿ.

ಅಕ್ಕ ವುಂಗ್ ಇದೇ ಊರಿನಲ್ಲಿದ್ದಾಳೆ. ಗಂಡ ತುವಾಂಗ್‌ನೂ ಅವಳೂ ಒಂದೇ ಕಾರ್ಖಾನೆಯಲ್ಲಿ ಕಬ್ಬಿಣದ ಕೊಳವೆ ಜೋಡಿಸುವ ಕೆಲಸ ಮಾಡುತ್ತಾರೆ. ದಿನವಿಡೀ ನಿಂತು ನಿಂತು ಅವಳ ಸೊಂಟ ಹೋಗಿದೆ. ಅಂಗಿಯ ಮೇಲೆ ಅಗಲವಾದ ಪಟ್ಟಿ ಬಿಗಿದುಕೊಂಡೇ ಓಡಾಡುತ್ತಾಳೆ. ಕಾಪ್‌ಗೆ ಅಕ್ಕನ ಮೇಲೆ ಪ್ರಾಣ. ಅವನು ಫೋನ್ ಮಾಡಿ ಹೇಳಿದ್ದು ಹೀಗೆ:

"ನೀನು ಏನೂ ಮಾಡ್ಬೇಡ ಅಕ್ಕ. ಊಟ ಎಲ್ಲ ಹೋಟ್ಲಿಂದ ಬರತ್ತೆ. ನಿಂಗೂ ಭಾವಂಗೂ ಮುಂದಿನ ಸಾಲಲ್ಲೇ ಕುರ್ಚಿ ಹಾಕ್ಸಿರ್ತೀನಿ. ಒಳ್ಳೆ ಬಟ್ಟೆ ಉಟ್ಕೊಂಡು ಬಂದು ರಾಣಿ ಥರ ಕೂತ್ಕೋ."

ವುಂಗ್ "ಆಗ್ಲಿ" ಎಂದಳಂತೆ. ಫೋನ್ ಇಟ್ಟಳಂತೆ. ಅಷ್ಟೇ.

ಎರಡು ದಿನ ಕಳೆದ ಮೇಲೆ ಕಾಪ್, ವುಂಗ್ ಇಬ್ಬರ ತಂದೆ ಖುಪ್ ಅಣ್ಣ ನನಗೆ ಹೇಳಿ ಕಳಿಸಿದ. ಅವನಿಗೆ ಎಂಬತ್ತು ದಾಟಿದೆ, ಮಗನ ಜೊತೆ ಇದ್ದಾನೆ. ನಾನು ಹೋದಾಗ ಹೊಸ ಮನೆಯ ಹಿತ್ತಲಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದುಕೊಂಡು ಕೂತಿದ್ದ. ಮರದಿಂದ ಬಿದ್ದ ಪೆಕನ್ ಕಾಯಿಗಳನ್ನು ಕೋಲಿನಿಂದ ಎಳೆದೆಳೆದು ಗುಡ್ಡೆ ಮಾಡುತ್ತಿದ್ದ.

"ಬಾ ಹುವೈ. ನೋಡಿದ್ಯಾ, ನನಗೆ ಮಗಳಿಲ್ಲ ಅಂತ ನನ್ನ ಮಗ ಊರಿಗೆಲ್ಲ ಸಾರ್ತಿದಾನೆ."

"ಏನಣ್ಣ ಇದು ಮಾತು? ಅಕ್ಕನ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ ಅಂತಿದಾನಲ್ಲ."

"ಅದೇ ಹೇಳ್ತಿರೋದು. ಕೂರಿಸ್ತಾನಂತೆ!" ಕೋಲು ನೆಲಕ್ಕೆ ಕುಟ್ಟಿದ. "ಮಗಳು ಕೂತು, ಹೋಟ್ಲಿನವನು ಬಡಿಸ್ತಾನಂತೆ. ಹಾಗಾದ್ರೆ ನಾಳೆ ನಾನು ಸತ್ತರೆ ಹೊರೋದು ಯಾರು? ಅದನ್ನೂ ಹೋಟ್ಲಿಗೇ ಹೇಳ್ತಾನಾ?"

ನನಗೆ ನಗು ಬಂತು, ಆದರೆ ನಗಲಿಲ್ಲ. ಅವನು ಕೇಳುತ್ತಿದ್ದುದು ಊಟದ ವಿಷಯವಾಗಿರಲಿಲ್ಲ.

ಬೆಟ್ಟದಿಂದ ಬಂದ ನಮ್ಮ ಝೋಮಿ ಜನರ ಮನೆ ಗೋಡೆಯಿಂದ ನಿಲ್ಲುವುದಿಲ್ಲ. ಕೊಟ್ಟ ಹೆಣ್ಣುಮಕ್ಕಳ ಮನೆಗಳಿಂದ ನಿಲ್ಲುತ್ತದೆ. ತವರಿನಲ್ಲಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಒಲೆ ಹಿರಿಮಗಳದು, ಕತ್ತಿ ಅಳಿಯನದು. ಹಂದಿ ಕೊಯ್ಯುವವನು ಅವನು, ಬೇಯಿಸಿ ಬಡಿಸುವವಳು ಅವಳು, ಹೆಣ ಹೊರುವುದೂ ಗುಂಡಿ ತೋಡುವುದೂ ಆ ಮನೆಯವರೇ. ಮನೆಯ ಯಜಮಾನ ಆ ದಿನ ಸುಮ್ಮನೆ ಕೂತಿರಬೇಕು. ಯಾರಿಗೆ ಕೆಲಸ ಹೇಳುತ್ತೇವೋ ಅವರು ನಮ್ಮವರು. ಯಾರನ್ನು ಕೂರಿಸುತ್ತೇವೋ ಅವರು ಹೊರಗಿನವರು.

ನಮ್ಮ ಬೆಟ್ಟದೂರು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಬ್ಬದ ದಿನ ಬೆಳಗ್ಗೆ ಮಂಜು ಇನ್ನೂ ಕಣಿವೆಯಲ್ಲಿ ಹಾಲಿನ ಹಾಗೆ ನಿಂತಿರುತ್ತಿತ್ತು. ಆ ಮಂಜಿನೊಳಗಿಂದ ಮೊದಲು ನಗು ಕೇಳಿಸುತ್ತಿತ್ತು, ಆಮೇಲೆ ಹೆಣ್ಣುಮಕ್ಕಳು ಕಾಣಿಸುತ್ತಿದ್ದರು. ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಬುಟ್ಟಿ ಇಳಿಬಿಟ್ಟುಕೊಂಡು, ಬುಟ್ಟಿಯಲ್ಲಿ ಕುಂಬಳಕಾಯಿ, ಜೋಳ, ಪುಂಡಿ ಸೊಪ್ಪು ತುಂಬಿಕೊಂಡು ಏರು ಹತ್ತಿ ಬರುತ್ತಿದ್ದರು. ಹಿಂದೆ ಅವರ ಗಂಡಂದಿರು. ಅಳಿಯಂದಿರು ಅಂಗಳದಲ್ಲಿ ಸೌದೆ ಒಡೆಯುವಾಗ ನಾವು ಜಗಲಿಯ ಮೇಲೆ ನಿಂತು ಆಡಿಕೊಳ್ಳುತ್ತಿದ್ದೆವು. "ಇದೇನು ಸೌದೆನೋ, ಹಲ್ಲಿಗೆ ಚುಚ್ಚೋ ಕಡ್ಡಿನೋ?" ಎಂದರೆ ಅವರು ಬೆವರು ಒರೆಸಿಕೊಂಡು ನಗಬೇಕೇ ಹೊರತು ಮುಖ ಗಂಟಿಕ್ಕುವ ಹಾಗಿರಲಿಲ್ಲ. ಮೂಳೆ ಹಾಕಿದ ಜೋಳದ ನುಚ್ಚು ಕುದಿಯುವ ವಾಸನೆ ಊರ ಬಾಗಿಲವರೆಗೂ ಬರುತ್ತಿತ್ತು. ವುಂಗ್ ಮದುವೆಯಾದ ವರ್ಷ, ಇನ್ನೂ ಚಿಕ್ಕ ಹುಡುಗಿ, ಆ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಾಗ ಅವಳ ಕತ್ತು ಎಷ್ಟು ನೆಟ್ಟಗಿತ್ತೆಂದರೆ, ಖುಪ್ ಅಣ್ಣ ಒಳಗೆ ಕೂತು ಬಾಗಿಲಿನಿಂದ ಮತ್ತೆ ಮತ್ತೆ ಇಣುಕುತ್ತಿದ್ದ.

ಕಾಪ್ ಇದನ್ನೆಲ್ಲ ಕಾಣಲಿಲ್ಲ. ಏಳೆಂಟು ವರ್ಷದವನಿದ್ದಾಗಲೇ ಅವನನ್ನು ಪೇಟೆಯ ಹಾಸ್ಟೆಲಿಗೆ ಹಾಕಿದರು. ಅಲ್ಲಿಂದ ಮಲೇಷ್ಯಾ, ಅಲ್ಲಿಂದ ಇಲ್ಲಿಗೆ. ಹಬ್ಬ ಎಂದರೆ ಅವನಿಗೆ ಗೊತ್ತಿದ್ದದ್ದು ತಟ್ಟೆಗೆ ಬಂದ ಮೇಲಿನದು.

ಮಲೇಷ್ಯಾದ ದಿನಗಳಲ್ಲಿ ನನ್ನ ಯಜಮಾನರು ತೀರಿಕೊಂಡಾಗ ಖುಪ್ ಅಣ್ಣನೂ ಅಲ್ಲೇ ಇದ್ದ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಬದುಕುತ್ತಿದ್ದ ಕಾಲ. ಯಾರ ಹತ್ತಿರವೂ ಕಾಗದಪತ್ರವಿರಲಿಲ್ಲ, ಪೊಲೀಸರ ಹೆದರಿಕೆಗೆ ನನ್ನ ಮಗಳಿಗೂ ಅಳಿಯನಿಗೂ ಬೇರೆ ಊರಿನಿಂದ ಹೊರಡಲಾಗಲಿಲ್ಲ. ಅವತ್ತು ಆ ಕಟ್ಟಡದಲ್ಲಿ ಯಾರಿದ್ದರೋ ಅವರು ಹೊತ್ತರು. ಒಳ್ಳೆಯವರೇ, ಅವರ ಋಣ ದೊಡ್ಡದು. ಆದರೂ ಮೆಟ್ಟಿಲಿಳಿಯುವಾಗ ಒಬ್ಬ "ಇವರ ಹೆಸರೇನು?" ಎಂದು ಪಕ್ಕದವನನ್ನು ಕೇಳಿದ್ದು ನನಗೂ ಕೇಳಿಸಿತು, ಖುಪ್ ಅಣ್ಣನಿಗೂ ಕೇಳಿಸಿತು. ಅವನ ಮನಸ್ಸಿನಲ್ಲಿ ಈಗ ಕೂತಿದ್ದದ್ದು ಆ ಮೆಟ್ಟಿಲು.

"ವುಂಗ್ ಏನಂದ್ಳು ಅಣ್ಣ?"

"ಅವಳು ಏನೂ ಅನ್ನಲ್ಲ. ನನಗೆ ಗೊತ್ತಿಲ್ವಾ ಅವಳು? ಕರೆದ ಹಾಗೇ ಬರ್ತಾಳೆ. ಬಂದು ಕೂತು, ಉಂಡು, ಕೈ ತೊಳ್ಕೊಂಡು ಹೋಗ್ತಾಳೆ. ಆಮೇಲೆ ಈ ಮನೆಗೆ ಮಗಳ ಮನೆ ಅಂತ ಇರಲ್ಲ." ಕೋಲು ಪಕ್ಕಕ್ಕಿಟ್ಟು, "ನೀನು ಹೋಗಿ ಬಾ. ನಾನು ಹೋಗೋ ಹಾಗಿಲ್ಲ," ಎಂದ.

ಅವನು ಹೋಗುವ ಹಾಗಿಲ್ಲ ನಿಜ. ನಮ್ಮಲ್ಲಿ ಪ್ರತಿ ಮನೆಗೂ ಬೇರೆ ಕುಲದ ಒಬ್ಬನನ್ನು ಗೆಳೆಯನೆಂದು ನಿಲ್ಲಿಸುತ್ತಾರೆ. ಮನೆಯವರ ಬಾಯಿಂದ ಬರಲಾಗದ ಮಾತನ್ನು ಅವನು ಹೋಗಿ ಆಡಬೇಕು. ಖುಪ್ ಅಣ್ಣನ ಮನೆಗೆ ನನ್ನ ಯಜಮಾನರು ಗೆಳೆಯ. ಅವರು ಹೋದ ಮೇಲೆ ಆ ಕೆಲಸ ನನ್ನ ತಲೆಗೆ ಬಂದಿದೆ. ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗುವ ದಾರಿಯಲ್ಲೇ ವುಂಗ್‌ಳ ಮನೆ ಇರುವುದು. ಅವತ್ತು ಕ್ಲಾಸಿಗೆ ಹೋಗಲಿಲ್ಲ.

ವುಂಗ್ ಬಾಲ್ಕನಿಯಲ್ಲಿ ಪುಂಡಿ ಸೊಪ್ಪು ಹರವಿ ಒಣಗಿಸುತ್ತಿದ್ದಳು. ತುವಾಂಗ್ ಸೋಫಾದಲ್ಲಿ ಕಾಲು ಚಾಚಿಕೊಂಡಿದ್ದವನು ಎದ್ದು ಜಾಗ ಬಿಟ್ಟ.

"ಬನ್ನಿ ಚಿಕ್ಕಮ್ಮ. ನನ್ನ ಅದೃಷ್ಟ ಕೇಳಿದ್ರಾ? ಈ ಸಲ ಹಂದಿ ಕೊಯ್ಯೋ ಕೆಲಸ ಇಲ್ಲ. ಇಷ್ಟು ವರ್ಷ ಕೊಯ್ದೂ ಕೊಯ್ದೂ ನನ್ನ ಮುಖಾನೂ ಹಂದಿ ಥರ ಆಗ್ಬಿಟ್ಟಿದೆ."

"ಮುಖ ಮೊದಲಿಂದ್ಲೂ ಹಾಗೇ ಇತ್ತು," ಬಾಲ್ಕನಿಯಿಂದ ವುಂಗ್ ಅಂದಳು. "ನಮ್ಮಪ್ಪ ಕತ್ತಲಲ್ಲಿ ನೋಡಿ ಒಪ್ಕೊಂಡ್ರು."

"ನಿಮ್ಮಪ್ಪ ಮುಖ ಎಲ್ಲಿ ನೋಡಿದ್ರು? ಭುಜ ಮುಟ್ಟಿ ನೋಡಿದ್ರು, ಎತ್ತು ಕೊಳ್ಳೋರ ಥರ."

ಅವನು ತಮಾಷೆ ಮಾಡುತ್ತಿದ್ದನೇ ಹೊರತು ಅವನ ಕಣ್ಣು ನಗುತ್ತಿರಲಿಲ್ಲ. ನಾನು ನಿಧಾನವಾಗಿ ವಿಷಯಕ್ಕೆ ಬಂದೆ. "ಅವನಿಗೆ ಗೊತ್ತಾಗ್ಲಿಲ್ಲ ಕಣೇ ವುಂಗ್. ನಿನ್ನ ಸೊಂಟ ನೋಡಿ ಮರುಕಪಟ್ಟು ಹಾಗಂದಿದಾನೆ."

ವುಂಗ್ ಒಳಗೆ ಬಂದು ಕೈ ಒರೆಸಿಕೊಂಡಳು. "ಸೊಂಟ ನೋಯುತ್ತೆ ಅಂತ ನಾನೇ ಹೇಳ್ದೆ ಚಿಕ್ಕಮ್ಮ. ಸೊಂಟ ನೋಯೋದಕ್ಕೂ ಮಗಳಲ್ದೆ ಹೋಗೋದಕ್ಕೂ ಏನು ಸಂಬಂಧ? ನಮ್ಮಮ್ಮ ತೀರ್ಕೊಂಡಾಗ ನಾನು ಬಸುರಿ. ಒಲೆ ಮುಂದಿಂದ ಎದ್ದೆನಾ? ನೀವೇ ಹೇಳಿ, ನೀವೇ ಇದ್ರಲ್ಲ. ಇವನು ಮಾತ್ರ ನಿಂಗೆ ಕುರ್ಚಿ ಹಾಕ್ಸಿದೀನಿ ಅಂತಾನೆ. ಕುರ್ಚಿ!"

"ನಿಮ್ಮಪ್ಪ ಊಟ ಬಿಟ್ಟಿದಾನೆ."

ಇದು ಪೂರ್ತಿ ನಿಜವಲ್ಲ, ಅರ್ಧ ಊಟ ಮಾಡುತ್ತಿದ್ದ. ಅವಳ ಮುಖ ಒಂದು ಕ್ಷಣ ಕರಗಿದ್ದು ಕಂಡಿತು. ಆಮೇಲೆ ಮತ್ತೆ ಬಿಗಿಯಿತು. "ಅಪ್ಪ ಕರೆದಿದ್ರೆ ಓಡಿ ಹೋಗ್ತಿದ್ದೆ. ಈಗ ಮನೆ ಯಜಮಾನ ಅವನು. ಯಜಮಾನ ಅತಿಥಿ ಅಂದಿದಾನೆ, ಅತಿಥಿ ಹಾಗೇ ಬರ್ತೀನಿ. ಉಡುಗೊರೆನೂ ತರ್ತೀನಿ ಬೇಕಾದ್ರೆ."

ನಾನು ಕಾಪ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮೊದಲು ಸಿಟ್ಟಾದ. "ಅಮೆರಿಕಾದಲ್ಲಿದೀವಿ ಚಿಕ್ಕಮ್ಮ! ಅವಳು ಸುಖವಾಗಿ ಕೂತ್ಕೊಳ್ಲಿ ಅಂದ್ರೆ ಅದೂ ತಪ್ಪಾ?" ಆಮೇಲೆ ಅವನ ಮುಖ ಬಿಳಿಚಿಕೊಂಡಿತು. ಮರುದಿನ ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ ಹೋದ. ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತ.

"ಏನಂದ್ಳು?"

"ಒಳ್ಳೆ ಕಪ್ಪಲ್ಲಿ ಕಾಫಿ ಕೊಟ್ಳು. ಕೆಳಗೆ ಸಾಸರ್ ಇಟ್ಟು. ನಂಗೆ ಯಾವತ್ತಾದ್ರೂ ಸಾಸರ್ ಇಟ್ಟಿದ್ಲಾ ಅವಳು? ಯಾವಾಗ್ಲೂ, ಅಲ್ಲಿದೆ ಬಗ್ಗಿಸ್ಕೊಂಡು ಕುಡಿ, ಅಂತಿದ್ಳು. ತಪ್ಪಾಯ್ತು ಅಕ್ಕ ಅಂದೆ. ಅಯ್ಯೋ ತಪ್ಪೇನು, ಎಷ್ಟು ಚೆನ್ನಾಗಿ ಕರ್ದಿದೀಯ, ಅಂದ್ಳು."

"ಇನ್ನೇನು ಮಾಡ್ತೀಯ?"

"ಹೋಟ್ಲಿಗೆ ಬೇಡ ಅಂತ ಹೇಳ್ಬಿಡ್ತೀನಿ. ಹಂದಿ ತರ್ತೀನಿ, ಹಂಡೆ ತರ್ತೀನಿ. ತಂದು ಇಡ್ತೀನಿ ಅಷ್ಟೇ. ಯಾರೂ ಮುಟ್ಟೋದು ಬೇಡ."

"ಅವಳು ಕುರ್ಚಿಯಿಂದ ಏಳ್ದೇ ಇದ್ರೆ?"

"ಎಲ್ರೂ ಹಸ್ಕೊಂಡು ಮನೆಗೆ ಹೋಗ್ಲಿ. ಈ ಮನೆಗೆ ಮಗಳ ಮನೆ ಇಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ. ಸುಳ್ಳು ಊಟ ಹಾಕೋದಕ್ಕಿಂತ ಅದು ವಾಸಿ."

ಹಾಸ್ಟೆಲಿನಲ್ಲಿ ಬೆಳೆದ ಹುಡುಗನ ಬಾಯಲ್ಲಿ ಖುಪ್ ಅಣ್ಣನ ಮಾತು ಬಂದದ್ದು ಅವತ್ತೇ ನಾನು ಮೊದಲು ಕೇಳಿದ್ದು.

ಶನಿವಾರ ಬಂತು. ಅಕ್ಟೋಬರಿನ ಗಾಳಿ. ಊರಲ್ಲಾಗಿದ್ದರೆ ಹೊಸ ಜೋಳ ಮನೆ ತುಂಬುವ ಕಾಲ. ಕಾಪ್ ಊರಾಚೆಯ ಫಾರ್ಮಿನಿಂದ ಹಂದಿ ಕೊಂಡು, ಅಲ್ಲೇ ಕೊಲ್ಲಿಸಿ ರೋಮ ಸುಟ್ಟು, ಇಡಿಯಾಗಿ ಟ್ರಕ್ಕಿನಲ್ಲಿ ತಂದ. ಗ್ಯಾರೇಜಿನಲ್ಲಿ ಉದ್ದನೆಯ ಮೇಜಿನ ಮೇಲೆ ಐಸ್ ಸುರಿದು ಅದರ ಮೇಲೆ ಮಲಗಿಸಿದ. ಪಕ್ಕದಲ್ಲಿ ಗ್ಯಾಸ್ ಒಲೆ, ಅದರ ಮೇಲೆ ಖಾಲಿ ಹಂಡೆ, ಮೇಜಿನಂಚಿಗೆ ಒಂದು ಕತ್ತಿ.

ಜನ ಬಂದರು. ನಮ್ಮ ಜನ ಊಟಕ್ಕೆ ಕರೆದರೆ ತಡ ಮಾಡುವುದಿಲ್ಲ. ಒಳಗೆ ಬರುವಾಗ ಒಬ್ಬೊಬ್ಬರೂ ಮೂಗು ಎತ್ತಿ ವಾಸನೆ ನೋಡಿ, ಏನೂ ಸಿಗದೆ ಮುಖ ಮುಖ ನೋಡಿಕೊಂಡರು. ಗ್ಯಾರೇಜಿಗೆ ಇಣುಕಿದವರು ಹಿಂದಕ್ಕೆ ಬಂದು ಪಿಸುಗುಟ್ಟಿದರು. ಖುಪ್ ಅಣ್ಣ ಮೂಲೆಯ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಕೂತಿದ್ದ, ಯಾರ ಕಡೆಗೂ ನೋಡದೆ.

ವುಂಗ್ ಬಂದಳು. ಮದುವೆಗೆ ಉಡುವ ಕೆಂಪು ನೇಯ್ಗೆಯ ಬಟ್ಟೆ ಉಟ್ಟಿದ್ದಳು, ಕೊರಳಿಗೆ ಮಣಿಸರ. ಕೈಯಲ್ಲಿ ಹೂವಿನ ಕಾಗದ ಸುತ್ತಿದ ಉಡುಗೊರೆ. ಹಿಂದೆ ತುವಾಂಗ್, ಟೈ ಕಟ್ಟಿಕೊಂಡು. ಉಸಿರು ಕಟ್ಟಿದವನ ಹಾಗಿದ್ದ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತರು. ವುಂಗ್ ಕೈ ಮಡಿಲಲ್ಲಿಟ್ಟುಕೊಂಡಳು. ತವರಿನಲ್ಲಿ ಆ ಕೈ ಸುಮ್ಮನಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

ಪಾದ್ರಿಗಳು ಪ್ರಾರ್ಥನೆ ಮಾಡಿದರು. ಮುಗಿಸಿ ಕಣ್ಣು ತೆರೆದು ಅಡುಗೆಮನೆಯ ಕಡೆ ನೋಡಿದರು, ಏನೂ ಅಲುಗಾಡದ್ದು ಕಂಡು ಮತ್ತೆ ಕಣ್ಣು ಮುಚ್ಚಿ ಬೆಟ್ಟದಲ್ಲಿ ಉಳಿದವರಿಗಾಗಿ ಇನ್ನೊಂದು ಪ್ರಾರ್ಥನೆ ಮಾಡಿದರು. ಅದೂ ಮುಗಿಯಿತು. ಮಕ್ಕಳು ಅಳತೊಡಗಿದವು. ಕಾಪ್‌ನ ಹೆಂಡತಿ ನೆಮ್ ಬಿಸ್ಕತ್ತಿನ ಪೊಟ್ಟಣ ಹಂಚಿದಳು. ಇಬ್ಬರು ಹೆಂಗಸರು "ನಾವು ಹಚ್ಲಾ ಒಲೆ?" ಎಂದು ಕೇಳಿದರು. ಕಾಪ್, "ಬೇಡ, ಅದು ನಿಮ್ಮದಲ್ಲ," ಎಂದ. ಎಲ್ಲರಿಗೂ ಕೇಳಿಸುವ ಹಾಗೆ ಎಂದ. ಎಲ್ಲರ ಕಣ್ಣೂ ವುಂಗ್‌ಳ ಬೆನ್ನಿಗೆ ಹೋಯಿತು. ವುಂಗ್ ಅಲುಗಲಿಲ್ಲ.

ತುವಾಂಗ್ ಮಾತ್ರ ತಡೆಯಲಾರದೆ ಪಕ್ಕಕ್ಕೆ ವಾಲಿ ಗ್ಯಾರೇಜಿನ ಬಾಗಿಲ ಕಡೆ ಕಣ್ಣು ಹಾಯಿಸಿದ. "ವುಂಗ್, ಐಸ್ ಕರಗ್ತಾ ಇದೆ," ಎಂದು ಪಿಸುಗುಟ್ಟಿದ.

"ಕರಗ್ಲಿ. ನೀವು ಅತಿಥಿ."

"ಹೊಟ್ಟೆ ಕೂಡ ಸರಿಯಾಗಿ ಸೀಳಿಲ್ಲ ಕಣೇ, ಆ ಫಾರ್ಮಿನ ಬಿಳಿಯ ಯಾರೋ..."

"ನೆಟ್ಟಗೆ ಕೂತ್ಕೊಳ್ಳಿ."

ಆಗ ಎದ್ದವಳು ನೆಮ್‌ಳ ತಾಯಿ. ದಪ್ಪನೆಯ ಹೆಂಗಸು, ಮೆಲ್ಲಗೆ ಮಾತಾಡುವವಳು. ಹೆಣ್ಣು ಕೊಟ್ಟ ಮನೆಯವಳು ಎಂದು ಅವಳಿಗೆ ಎಲ್ಲರಿಗಿಂತ ಮೆತ್ತನೆಯ ಕುರ್ಚಿ ಹಾಕಿದ್ದರು. ನಮ್ಮಲ್ಲಿ ಹೆಣ್ಣು ಕೊಟ್ಟವರಿಗೆ ನೀರು ಕೂಡ ಎದ್ದು ತೆಗೆದುಕೊಳ್ಳಲು ಬಿಡುವುದಿಲ್ಲ. ಅವಳು ಅಂಗಿಯ ತೋಳು ಮೇಲೇರಿಸಿಕೊಂಡು, "ಮಕ್ಕಳು ಹಸ್ಕೊಂಡಿವೆಯಪ್ಪ, ನಾನೇ ಒಂದಿಷ್ಟು ಬೇಯಿಸ್ತೀನಿ," ಎನ್ನುತ್ತಾ ಗ್ಯಾರೇಜಿನ ಕಡೆಗೆ ಹೆಜ್ಜೆ ಹಾಕಿದಳು. ಅವಳಿಗೆ ನಿಜವಾಗಿಯೂ ಹಸಿವಾಗಿತ್ತೋ, ಬೇಕೆಂದೇ ಎದ್ದಳೋ ನನಗೆ ಗೊತ್ತಿಲ್ಲ. ನಾನು ಇವತ್ತಿಗೂ ಕೇಳಿಲ್ಲ.

ಅವಳು ಕತ್ತಿಗೆ ಕೈ ಹಾಕುವಷ್ಟರಲ್ಲಿ ವುಂಗ್‌ಳ ಕುರ್ಚಿ ಹಿಂದಕ್ಕೆ ಬಿತ್ತು.

"ಬೀಗಿತ್ತಿ ಕೈಲಿ ಹಂದಿ ಕೊಯ್ಯಿಸ್ತೀಯೇನೋ!" ಅವಳ ಕೂಗಿಗೆ ಅಳುತ್ತಿದ್ದ ಮಕ್ಕಳೂ ಬಾಯಿ ಮುಚ್ಚಿದವು. "ನಾಚ್ಕೆ ಇದ್ಯಾ ನಿಂಗೆ? ನಮ್ಮಪ್ಪನ ಮನೇಲಿ ಹೆಣ್ಣು ಕೊಟ್ಟವರು ಬಂದು ಒಲೆ ಹಚ್ಚಿದ್ರು ಅಂತ ಬೆಟ್ಟದವರೆಗೂ ಸುದ್ದಿ ಹೋಗ್ಲಿ ಅಂತಾನಾ? ಕತ್ತಿ ಬಿಡಿ ತಾಯಿ, ಕೂತ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಏನ್ರೀ, ಇನ್ನೂ ಏನು ಟೈ ನೋಡ್ಕೊತಾ ಕೂತಿದೀರ? ಏಳ್ರಿ!"

ತುವಾಂಗ್ ಆಗಲೇ ಎದ್ದಿದ್ದ. ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಹೊರಗೆ ತನ್ನ ಕಾರಿಗೆ ಓಡಿದ. ಬರುವಾಗ ಅವನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಅವನದೇ ಕತ್ತಿ ಇತ್ತು. ಅದನ್ನು ಕಾರಿನಲ್ಲಿ ಯಾರು ಇಟ್ಟಿದ್ದರು ಎಂದು ವುಂಗ್ ಕೇಳಲಿಲ್ಲ.

ಆಮೇಲೆ ಗ್ಯಾರೇಜು ನಮ್ಮ ಊರಿನ ಅಂಗಳವಾಯಿತು. ವುಂಗ್ ಸೊಂಟ ಬಗ್ಗಿಸಲಾರದೆ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಎಲ್ಲರನ್ನೂ ಆಡಿಸಿದಳು. ಕೆಂಪು ಬಟ್ಟೆ ಮೊಣಕಾಲಿನವರೆಗೆ ಏರಿತ್ತು. ತನ್ನ ಮಕ್ಕಳಿಗೆ ಈರುಳ್ಳಿ ಕೊಟ್ಟಳು, ಸೊಪ್ಪು ತರಲು ಒಬ್ಬನನ್ನು ತನ್ನ ಮನೆಗೆ ಓಡಿಸಿದಳು, ನೀರು ಹೆಚ್ಚು ಹಾಕಿದನೆಂದು ಗಂಡನನ್ನು ಬೈದಳು. ಕಾಪ್ ಪಾತ್ರೆ ಎತ್ತಲು ಬಂದಾಗ ಸೌಟಿನಿಂದ ಅವನ ಕೈಗೆ ಹೊಡೆದಳು.

"ಹೋಗಿ ಕೂತ್ಕೋ ಹೋಗು. ಯಜಮಾನನಂತೆ! ಯಜಮಾನ ಆಗೋಕೆ ಬರತ್ತಾ ನಿಂಗೆ?"

"ಬರಲ್ಲ ಅಕ್ಕ."

"ಕಲ್ತ್ಕೋ. ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ನಾನು ಇವತ್ತು ನೋಡ್ದೆ."

ಅವನು ಹೋಗಿ ಕೂತ. ಮುಖ ಒರೆಸಿಕೊಳ್ಳುತ್ತಾ ಕೂತ. ನಾವು ಮುದುಕಿಯರು ಗ್ಯಾರೇಜಿನ ಬಾಗಿಲಲ್ಲಿ ಸಾಲಾಗಿ ನಿಂತು ತುವಾಂಗ್‌ನನ್ನು ಆಡಿಕೊಳ್ಳತೊಡಗಿದೆವು. "ಇದೇನಪ್ಪ ಅಳಿಯ, ಹಂದಿ ಕೊಯ್ತಿದೀಯೋ ಅದಕ್ಕೆ ಕ್ಷೌರ ಮಾಡ್ತಿದೀಯೋ?" ಎಂದು ನಾನು ಕೇಳಿದೆ. ಅವನು ಬೆವರು ಒರೆಸಿಕೊಂಡು ನಕ್ಕ. ಈ ಸಲ ಕಣ್ಣೂ ನಕ್ಕಿತು. ಜೋಳದ ನುಚ್ಚು ಮೂಳೆಯ ಜೊತೆ ಕುದಿಯತೊಡಗಿದಾಗ ಹಬೆ ಗ್ಯಾರೇಜಿನ ಬಾಗಿಲಿನಿಂದ ಹೊರಗೆ ಹರಿದು ಬೀದಿಗೆ ಹೋಯಿತು. ನಾನು ಕಣ್ಣು ಮುಚ್ಚಿದೆ. ಮಂಜು, ಬುಟ್ಟಿಗಳು, ಏರು ಹತ್ತಿ ಬರುವ ನಗು. ನನ್ನವರು ಅಂಗಳದ ಆ ತುದಿಯಲ್ಲಿ ನಿಂತು ಖುಪ್ ಅಣ್ಣನ ಜೊತೆ ಏನೋ ಮಾತಾಡುತ್ತಿದ್ದ ಹಾಗೆ ಅನಿಸಿತು. ಕಣ್ಣು ತೆರೆದರೆ ಎದುರು ಮನೆಯ ಬಿಳಿ ಹೆಂಗಸು ನಾಯಿ ಹಿಡಿದುಕೊಂಡು ನಿಂತು ಗಾಳಿ ಮೂಸುತ್ತಿದ್ದಳು. ಅವಳನ್ನೂ ಕರೆದು ಕೂರಿಸಿದರು, ಮುಂದಿನ ಸಾಲಿನಲ್ಲಿ, ಬಿದ್ದಿದ್ದ ಆ ಕುರ್ಚಿಯನ್ನು ಎತ್ತಿ ಹಾಕಿ.

ಊಟ ಆಗುವಾಗ ಹೊತ್ತು ಇಳಿದಿತ್ತು. ಅಷ್ಟು ಹಸಿದ ಮೇಲೆ ಉಂಡದ್ದಕ್ಕೋ ಏನೋ, ಅಂಥ ಊಟ ಈ ದೇಶಕ್ಕೆ ಬಂದ ಮೇಲೆ ಉಂಡಿಲ್ಲ ಎಂದು ಎಲ್ಲರೂ ಹೇಳಿದರು. ವುಂಗ್ ಕೊನೆಯವಳಾಗಿ ಒಳಗೆ ಬಂದು ತಂದೆಯ ಕಾಲ ಬಳಿ ನೆಲದ ಮೇಲೆ ಕೂತಳು. ಖುಪ್ ಅಣ್ಣ ತಟ್ಟೆ ಖಾಲಿ ಮಾಡಿ, ಇನ್ನೊಮ್ಮೆ ಹಾಕಿಸಿಕೊಂಡು ಅದನ್ನೂ ಮುಗಿಸಿ, ಬಡಿಸುತ್ತಿದ್ದ ಅಳಿಯನ ಕಡೆಗೆ ತಟ್ಟೆ ಚಾಚಿದ.

"ಕೊಬ್ಬಿರೋದು ಇನ್ನೊಂದು ತುಂಡು ಹಾಕು."

"ಸಾಕು ಮಾವ," ತುವಾಂಗ್ ಸೌಟು ಹಿಂದಕ್ಕೆ ಹಿಡಿದ. "ನಾಳೆ ನಿಮ್ಮನ್ನ ಹೊರೋನು ನಾನೇ ತಾನೇ? ನನ್ನ ಭುಜದ ಮೇಲೂ ಸ್ವಲ್ಪ ಕರುಣೆ ಇರ್ಲಿ."

"ಥೂ, ನಿಮ್ಮ ಬಾಯಿಗೆ!" ವುಂಗ್ ಅವನ ಕಾಲಿಗೆ ಹೊಡೆದಳು.

ಖುಪ್ ಅಣ್ಣ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದ.

"ಹಾಕೋ. ನಂಗೇನೂ ಅವಸರ ಇಲ್ಲ, ಅಷ್ಟರಲ್ಲಿ ನೀನೂ ಇನ್ನೊಂದಿಷ್ಟು ತಿಂದು ಗಟ್ಟಿಯಾಗು."